ಶುಗರ್ ಇದ್ದವರ ಪಾದ ಊದಿದರೆ ಸುಮ್ನೆ ಬಿಡಬೇಡಿ

ಕೋಲಾರದ ಟೊಮೆಟೊ ಮಂಡಿಯಲ್ಲಿ ದಿನವಿಡೀ ನಿಂತೇ ಇರುವ ನಮ್ಮ ದೊಡ್ಡಪ್ಪನ ಎಡಪಾದ ಊದಿ ಕೆಂಪಾಗಿತ್ತು. ಮುಟ್ಟಿದರೆ ಬಿಸಿ, ಆದರೆ ನೋವು ಅಷ್ಟಾಗಿ ಇಲ್ಲ. "ಏನೂ ಆಗಿಲ್ಲ ಬಿಡಪ್ಪ" ಅಂತ ಓಡಾಡುತ್ತಲೇ ಇದ್ದರು. ತೊಂದರೆ ಇರೋದೇ ಅಲ್ಲಿ. ವರ್ಷಗಟ್ಟಲೆ ಶುಗರ್ ಜಾಸ್ತಿ ಇದ್ದು ನರ ಹಾಳಾದರೆ, ಮೂಳೆ ಬಿರುಕು ಬಿಟ್ಟರೂ ಕೀಲು ಜರುಗಿದರೂ ಗೊತ್ತಾಗಲ್ಲ, ಅದರ ಮೇಲೇ ನಡೆದು ನಡೆದು ಕೊನೆಗೆ ಅಂಗಾಲಿನ ಕಮಾನೇ ಕುಸಿಯುತ್ತದೆ. ಶಾರ್ಕೋ ಪಾದ ಅಂತಾರೆ. ಫ್ರಾನ್ಸಿನ ಡಾಕ್ಟರ್ ಶಾರ್ಕೋ 1868ರಲ್ಲೇ ಇಂಥ ಕೀಲುಗಳ ಬಗ್ಗೆ ಬರೆದಿದ್ದರು, ಶುಗರ್ ಜೊತೆಗಿನ ನಂಟು ಗೊತ್ತಾಗಿದ್ದು ಮಾತ್ರ 1936ರಲ್ಲಿ. ಶುರುವಿನಲ್ಲಿ ಎಕ್ಸ್‌ರೇ ಸರಿಯಾಗೇ ಕಾಣಬಹುದು, ಬೇಕಾದರೆ ಎಂಆರ್‌ಐ ಕೇಳಿ. ಚಿಕಿತ್ಸೆ ಅಂದರೆ ಕಾಲಿನ ಮೇಲೆ ಭಾರ ಬೀಳದಂತೆ ತಿಂಗಳುಗಟ್ಟಲೆ ಪ್ಲಾಸ್ಟರ್. ಮಂಡಿಯವರನ್ನು ಕೂರಿಸೋದು ಸುಲಭನಾ?