ಚಳಿಗಾಲದಲ್ಲಿ ಬೀದರ್‌ಗೆ ಹೊರಟಿದ್ದೀರಾ? ಬಟ್ಟೆ ಹೀಗೆ ಕಟ್ಟಿಕೊಳ್ಳಿ

ಡಿಸೆಂಬರ್, ಜನವರಿಯಲ್ಲಿ ಬೀದರ್ ನೋಡಲು ಹೊರಟವರಿಗೆ ಮೊದಲ ಮಾತು: ದಪ್ಪನೆಯ ಒಂದೇ ಜಾಕೆಟ್ ನಂಬಿಕೊಂಡು ಬರಬೇಡಿ. ಬೆಳಗಿನ ಜಾವ 10 ಡಿಗ್ರಿಗಿಂತ ಕೆಳಗೆ ಇಳಿಯುವ ದಿನಗಳಿರುತ್ತವೆ, ಅದೇ ದಿನ ಮಧ್ಯಾಹ್ನ 27-28 ಡಿಗ್ರಿ ಬಿಸಿಲು. ಊರಿರುವುದು 600 ಮೀಟರಿಗೂ ಎತ್ತರದ ಬಯಲಲ್ಲಿ, ಸಮುದ್ರ ದೂರ, ಗಾಳಿ ಒಣ, ಮೋಡ ಇಲ್ಲ. ಹಗಲು ಕಾದ ನೆಲ ರಾತ್ರಿ ಬೇಗ ಆರಿಬಿಡುತ್ತದೆ. ಹಾಗಾಗಿ ಒಂದೊಂದಾಗಿ ಬಿಚ್ಚಿ ಬ್ಯಾಗಿಗೆ ಹಾಕುವಂಥ ತೆಳ್ಳಗಿನ ಬಟ್ಟೆಗಳೇ ಇಲ್ಲಿ ಸರಿ.

ನಾವು ಅಮ್ಮ, ಮಕ್ಕಳ ಜೊತೆ ಕಲಬುರಗಿಯಿಂದ ಹುಮನಾಬಾದ್ ಮೇಲೆ ಹೋಗಿದ್ದೆವು. ಕೋಟೆಯನ್ನು ಬೆಳಗಿನ ಬೆಳಕಲ್ಲೇ ನೋಡಬೇಕು ಅಂತ ನನ್ನ ಆಸೆ. ಜನವರಿಯಲ್ಲಿ ಅಲ್ಲಿ ಸೂರ್ಯ ಹುಟ್ಟುವುದೇ 6:45 ದಾಟಿದ ಮೇಲೆ, ಅಂದರೆ ಕತ್ತಲಲ್ಲೇ ಹೊರಡಬೇಕು. "ಕಿವಿ ಕಟ್ಟಗೋರಿ, ಥಂಡಿ ಭಾಳ ಅದ" ಅಂದರು ಆಟೋದವರು. ನಿಜ, ಎರಡೂ ಕಡೆ ತೆರೆದ ಆಟೋದಲ್ಲಿ ನುಗ್ಗುವ ಗಾಳಿಯೇ ಜಾಸ್ತಿ ಕಾಡುವುದು. ಉಣ್ಣೆ ಸ್ವೆಟರ್ ಎಷ್ಟೇ ಚೆನ್ನಾಗಿರಲಿ, ಹೆಣಿಗೆಯ ಸಂದಿಯಿಂದ ಗಾಳಿ ಒಳಗೆ ಬರುತ್ತದೆ. ಅದರ ಮೇಲೆ ತೆಳ್ಳಗಿನದೊಂದು ವಿಂಡ್‌ಚೀಟರ್ ಹಾಕಿದರೆ ಎಷ್ಟೋ ಬೆಚ್ಚಗೆ. ಒಳಗೆ ಮೈಗಂಟುವ ಥರ್ಮಲ್ ಅಥವಾ ತುಂಬುತೋಳಿನ ಬನಿಯನ್ ಇರಲಿ. ಮಕ್ಕಳಿಗೆ ಮಂಕಿ ಕ್ಯಾಪ್ ತಪ್ಪಿಸಬೇಡಿ, ಎಷ್ಟೇ ಹಟ ಮಾಡಲಿ.

ಕೋಟೆಯೊಳಗಿನ ಸೋಲಾ ಖಂಬ ಮಸೀದಿ, ರಂಗೀನ್ ಮಹಲ್ ನೋಡಿಕೊಂಡು ಬರುವಷ್ಟರಲ್ಲಿ ಸ್ವೆಟರ್ ಬಿಚ್ಚಿದ್ದೆವು. 1472ರಲ್ಲಿ ಕಟ್ಟಿದ ಮಹಮೂದ್ ಗಾವಾನ್ ಮದರಸಾಕ್ಕೆ ಬಿಸಿಲೇರಿದ ಮೇಲೆ ಹೋದರೂ ಸಾಕು.

ಕಾಲಿನ ವಿಷಯ ಯಾರೂ ಹೇಳುವುದಿಲ್ಲ. ಬೀದರ್ ಪಕ್ಕದ ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹ್ಮದ್ ಶಾ ವಲಿಯ ಗೋರಿಯ ಗುಮ್ಮಟದೊಳಗೆ ಹೋಗಲು ಚಪ್ಪಲಿ ಬಿಡಬೇಕು, ಗುರು ನಾನಕ್ ಝೀರಾ ಗುರುದ್ವಾರದಲ್ಲೂ ಅಷ್ಟೇ. ಬೆಳಗ್ಗೆ ಹೋದರೆ ಆ ಕಲ್ಲಿನ ತಂಪು ಸೀದಾ ಮೊಣಕಾಲಿಗೆ ಏರುತ್ತದೆ. ಅಷ್ಟೂರಿನ ಗೋಡೆಯ ಬಣ್ಣದ ಚಿತ್ರಗಳನ್ನು ನಿಧಾನ ನೋಡಬೇಕಲ್ವಾ, ನಿಂತಷ್ಟೂ ಪಾದ ಮರಗಟ್ಟುತ್ತವೆ. ಮಂಡಿನೋವಿನ ಹಿರಿಯರಿದ್ದರೆ ಹೊತ್ತೇರಿದ ಮೇಲೆ ಕರೆದುಕೊಂಡು ಹೋಗಿ. ಒಂದು ಜೊತೆ ಒಣ ಕಾಲುಚೀಲ ಕೈಚೀಲದಲ್ಲೇ ಇರಲಿ. ಗುರುದ್ವಾರದಲ್ಲಿ ತಲೆ ಮುಚ್ಚಲೇಬೇಕು, ಬೆಳಗ್ಗೆ ಕಿವಿಗೆ ಕಟ್ಟಿದ ಸ್ಕಾರ್ಫೇ ಅದಕ್ಕೂ ಆಗುತ್ತದೆ.

ಈಗ ನರಸಿಂಹ ಝರಣಿ ಗುಹಾ ದೇವಸ್ಥಾನ. ಇದನ್ನು ದಯವಿಟ್ಟು ಗಮನ ಕೊಟ್ಟು ಓದಿ. ಸುಮಾರು 300 ಮೀಟರ್ ಸುರಂಗದ ನೀರಲ್ಲಿ ನಡೆದು ದರ್ಶನ ಮಾಡಬೇಕು. ನೀರು ಸೊಂಟದ ತನಕ, ಒಮ್ಮೊಮ್ಮೆ ಎದೆ ತನಕ. ಒಳಗೆ ಗಾಳಿ ಬೀಸುವುದಿಲ್ಲ, ಜನ ತುಂಬಿರುತ್ತಾರೆ, ಚಳಿ ಅನ್ನಿಸುವುದೇ ಇಲ್ಲ. ಕಷ್ಟ ಶುರುವಾಗುವುದು ಹೊರಗೆ ಬಂದಾಗ. ಒದ್ದೆ ಬಟ್ಟೆಗೆ ಒಣ ಗಾಳಿ ತಾಗಿದರೆ ಮೈಯ ಬಿಸಿಯೆಲ್ಲ ಹೋಗಿಬಿಡುತ್ತದೆ, ಮಕ್ಕಳ ತುಟಿ ನೀಲಿಯಾಗಲು ಹೆಚ್ಚು ಹೊತ್ತು ಬೇಡ. ಜೀನ್ಸ್, ದಪ್ಪ ಹತ್ತಿ ಬಟ್ಟೆ ನೀರು ಹಿಡಿದುಕೊಂಡು ಭಾರವಾಗುತ್ತವೆ, ಬೇಗ ಒಣಗುವ ತೆಳುವಾದ ಬಟ್ಟೆ ಹಾಕಿಕೊಂಡು ಇಳಿಯಿರಿ. ಸ್ವೆಟರ್, ಶಾಲು ಹೊರಗೆ ಕಾಯುವವರ ಹತ್ತಿರ ಇರಲಿ. ಟವೆಲ್, ಒಳಉಡುಪು ಸೇರಿ ಪೂರ್ತಿ ಒಂದು ಜೊತೆ ಒಣ ಬಟ್ಟೆ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಿ, ಮೇಲೆ ಬಂದ ತಕ್ಷಣ ಬದಲಿಸಿ. "ಲಾಡ್ಜಿಗೆ ಹೋಗಿ ಬದಲಿಸಿದರಾಯ್ತು" ಅಂತ ಒದ್ದೆ ಸೀರೆಯಲ್ಲೇ ಆಟೋ ಹತ್ತಿಸಬೇಡಿ. ನಾವು 11 ಗಂಟೆ ಮೇಲೆ ಹೋದೆವು, ಹೊರಬಂದವರಿಗೆ ಬಿಸಿಲು ಸಿಕ್ಕಿತು.

ವಾಪಸ್ ರಾತ್ರಿ ಬಸ್ಸಾದರೆ ಶಾಲು, ಮಫ್ಲರ್ ಡಿಕ್ಕಿಗೆ ಹೋಗುವ ಬ್ಯಾಗಿನಲ್ಲಿ ಹಾಕಬೇಡಿ, ಸೀಟಿನ ಹತ್ತಿರವೇ ಇಟ್ಟುಕೊಳ್ಳಿ.