ಮೂರು ಬಣ್ಣದ ವಿಮಾನ

ಮೆಟ್ಟಿಲು ಇಳಿಯುವಾಗ ಕಾಲು ಉಳುಕಿತ್ತು. ಒಂದು ವಾರ ಆ ಕಾಲಿನ ಮೇಲೆ ಭಾರ ಹಾಕಬೇಡಿ ಅಂದರು ಡಾಕ್ಟರು. ಮೊದಲ ದಿನ ನಿದ್ದೆಯಲ್ಲೇ ಕಳೆಯಿತು. ಎರಡನೇ ದಿನ ಕಾಲನ್ನು ದಿಂಬಿನ ಮೇಲಿಟ್ಟು ಗೂಗಲ್ ಅರ್ಥ್ ತೆರೆದೆ. ಹಾಸಿಗೆ ಬಿಟ್ಟು ಏಳೋ ಹಾಗಿಲ್ಲ ಅಂದಮೇಲೆ ಇಡೀ ಭೂಮಿ ಸುತ್ತೋಣ ಅನ್ನಿಸೋದು ಸಹಜ ಅಲ್ವಾ?

ಮೊದಲು ಹುಡುಕಿದ್ದು ನನ್ನ ಮನೆಯನ್ನೇ. ಭೂಮಿಯೇ ಕೈಗೆ ಸಿಕ್ಕರೂ ನಮಗೆ ಬೇಕಾಗೋದು ನಮ್ಮ ಚಾವಣಿ! ಗೇಟಿನ ಪಕ್ಕ ದೊಡ್ಡ ಮರ ಕಾಣಿಸಿತು. ಆ ಮರ ಕಡಿಸಿ ಎರಡು ವರ್ಷವಾಗಿದೆ. ಚಿತ್ರದಲ್ಲಿ ಮಾತ್ರ ಅದರ ನೆರಳು ಇನ್ನೂ ರಸ್ತೆಯ ತುಂಬ ಬಿದ್ದಿತ್ತು.

ಗೂಗಲ್ ಅರ್ಥ್ ತೋರಿಸೋದು ಈ ಹೊತ್ತಿನ ಭೂಮಿಯನ್ನಲ್ಲ ಅಂತ ಗೊತ್ತಿತ್ತು. ಉಪಗ್ರಹಗಳು, ವಿಮಾನಗಳು ಬೇರೆ ಬೇರೆ ದಿನ ತೆಗೆದ ಚಿತ್ರಗಳಲ್ಲಿ ಮೋಡ ಇಲ್ಲದ್ದನ್ನು ಆರಿಸಿ ಹೊಲಿದ ಕೌದಿ ಅದು. ಆದರೂ ಆ ಮರ ನೋಡಿದ ಮೇಲೆ ನನಗೆ ತಾರೀಕಿನ ಹುಚ್ಚು ಹಿಡಿಯಿತು. ಯಾವ ಚಿತ್ರ ನೋಡಿದರೂ ಇದು ಯಾವತ್ತಿನದು ಅನ್ನೋದೇ ಪ್ರಶ್ನೆ.

ಅದರಲ್ಲೇ ಇರುವ ಟೈಮ್‌ಲ್ಯಾಪ್ಸ್‌ಗೆ ಹೋದೆ. 1984ರಿಂದ ಈಚಿನ ಚಿತ್ರಗಳು ವರ್ಷವರ್ಷವೂ ಸಾಲಾಗಿ ಓಡುತ್ತವೆ. ಆರಲ್ ಸಮುದ್ರ ಹುಡುಕಿದೆ. ಕಜಕಸ್ತಾನ, ಉಜ್ಬೇಕಿಸ್ತಾನಗಳ ನಡುವಿನ ಇದು ಒಂದು ಕಾಲಕ್ಕೆ ಜಗತ್ತಿನ ನಾಲ್ಕನೇ ದೊಡ್ಡ ಸರೋವರ. ಇದಕ್ಕೆ ಸೇರುತ್ತಿದ್ದ ಅಮು ದರಿಯಾ, ಸಿರ್ ದರಿಯಾ ನದಿಗಳ ನೀರನ್ನು 1960ರ ದಶಕದಿಂದ ಹತ್ತಿ ಹೊಲಗಳಿಗೆ ತಿರುಗಿಸುತ್ತಾ ಹೋದರು. ನನ್ನ ಕಣ್ಣೆದುರೇ ನೀಲಿ ಕುಗ್ಗಿ, ಎರಡಾಗಿ, ಹರಿದು, ಪೂರ್ವದ ಭಾಗ ಬಿಳಿಯಾಯಿತು. ಉತ್ತರದ ಚಿಕ್ಕ ತುಂಡು ಮಾತ್ರ ನಿಂತಿತು. 2005ರಲ್ಲಿ ಅಲ್ಲಿ ಅಣೆಕಟ್ಟು ಕಟ್ಟಿ ನೀರು ತಡೆದಿದ್ದಾರೆ. ನಾಲ್ಕೈದು ಸಲ ಹಿಂದೆ ಮುಂದೆ ಓಡಿಸಿ ನೋಡಿದೆ. ಹಿಂದಕ್ಕೆ ಓಡಿಸಿದಾಗ ಸಮುದ್ರ ತುಂಬಿಕೊಳ್ಳುತ್ತದೆ. ಸುಮ್ನೆ ಒಂದು ಖುಷಿ.

ಈಗ ಹೇಗಿದೆ ಅಂತ ನೋಡೋಕೆ ಕೋಪರ್ನಿಕಸ್ ಬ್ರೌಸರ್ ತೆರೆದೆ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರಗಳು ಇಲ್ಲಿ ಪುಕ್ಕಟೆ ಸಿಗುತ್ತವೆ. ತಾರೀಕು ಒತ್ತಿದರೆ ಆಯಿತು, ಆ ದಿನದ ಚಿತ್ರ. ಸುಮಾರು ಐದು ದಿನಕ್ಕೊಮ್ಮೆ ಹೊಸದು ಬರುತ್ತದೆ. ಆದರೆ ಒಂದು ಚುಕ್ಕಿ ಅಂದರೆ ನೆಲದ ಮೇಲೆ 10 ಮೀಟರ್. ನನ್ನ ಮನೆ ಇದರಲ್ಲಿ ಒಂದೆರಡು ಚುಕ್ಕಿ, ಅಷ್ಟೇ. ಮರದ ಮಾತು ಬಿಡಿ.

ಆರಲ್‌ನ ಒಣ ತಳದ ಮೇಲೆ ಓಡಾಡುತ್ತಿದ್ದಾಗ ಅದು ಕಂಡಿತು. ಪುಟ್ಟ ವಿಮಾನದ ಆಕಾರ. ಒಂದಲ್ಲ, ಮೂರು. ಒಂದರ ಹಿಂದೊಂದು. ಒಂದು ನೀಲಿ, ಒಂದು ಹಸಿರು, ಒಂದು ಕೆಂಪು.

ಎದ್ದು ಕೂತೆ. ಕಾಲು ನೋಯುತ್ತಿದೆ ಅನ್ನೋದೂ ಮರೆತುಹೋಯಿತು. ಕವಾಯತೇ? ಯಾವುದೋ ಗುಟ್ಟಿನ ಪ್ರಯೋಗವೇ? ಅರ್ಧ ಗಂಟೆ ಜೂಮ್ ಮಾಡಿ, ಕೋನ ಅಳೆದು, ಕೊನೆಗೆ ನಕ್ಷೆಯ ಕೆಲಸ ಮಾಡುವ ಗೆಳೆಯನಿಗೆ ಚಿತ್ರ ಕಳಿಸಿದೆ. "ಏನೋ ಸಿಕ್ಕಿದೆ, ಬೇಗ ನೋಡು" ಅಂದೆ.

"ಒಂದೇ ವಿಮಾನ ಕಣೋ ಅದು" ಅಂದ. ನಗು ತಡೆದುಕೊಂಡಿದ್ದು ಫೋನಿನಲ್ಲೇ ಗೊತ್ತಾಗುತ್ತಿತ್ತು.

ಆ ಉಪಗ್ರಹದ ಕ್ಯಾಮೆರಾ ಮೂರು ಬಣ್ಣವನ್ನೂ ಒಂದೇ ಕ್ಷಣಕ್ಕೆ ಹಿಡಿಯೋದಿಲ್ಲವಂತೆ. ಮೊದಲು ನೀಲಿ, ಅರ್ಧ ಸೆಕೆಂಡಿನಷ್ಟು ಬಿಟ್ಟು ಹಸಿರು, ಮತ್ತಷ್ಟು ಬಿಟ್ಟು ಕೆಂಪು. ಗುಡ್ಡ, ಹೊಲ ಅಲ್ಲೇ ಇರುತ್ತವೆ, ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತವೆ. ವಿಮಾನ ಅಷ್ಟರಲ್ಲಿ ನೂರಾರು ಅಡಿ ಮುಂದೆ ಹೋಗಿರುತ್ತದೆ. ಜೊತೆಗೆ ಅದು ನೆಲಕ್ಕಿಂತ ತುಂಬ ಮೇಲಿರೋದರಿಂದಲೂ ಬಣ್ಣಗಳು ಜಾರುತ್ತವೆ.

ಪೆಚ್ಚಾದೆ, ನಿಜ. ಆದರೆ ಯೋಚಿಸಿದಷ್ಟೂ ಇಷ್ಟವಾಯಿತು. ನನ್ನ ಮರ ತೋರಿಸಿದ ಚಿತ್ರ ಬಹಳ ಸ್ಪಷ್ಟ, ಆದರೆ ಯಾವತ್ತಿನದೋ. ಈ ಮಸುಕು ಚಿತ್ರದಲ್ಲಿ ದಿನವಷ್ಟೇ ಅಲ್ಲ, ಒಂದು ಸೆಕೆಂಡೂ ಕಾಣಿಸುತ್ತಿತ್ತು.

ಮಸುಕು ಚಿತ್ರಗಳ ಬಗ್ಗೆ ಗೆಳೆಯ ಇನ್ನೊಂದು ಹೇಳಿದ. 2009ರಲ್ಲಿ ಬ್ರಿಟಿಷ್ ಅಂಟಾರ್ಕ್ಟಿಕ್ ಸರ್ವೆಯ ವಿಜ್ಞಾನಿಗಳು ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹಗಳ ಚಿತ್ರಗಳಲ್ಲಿ ಎಂಪರರ್ ಪೆಂಗ್ವಿನ್‌ಗಳ 10 ಹೊಸ ನೆಲೆಗಳನ್ನು ಕಂಡುಹಿಡಿದರಂತೆ. ಆ ಚಿತ್ರಗಳಲ್ಲಿ ಪೆಂಗ್ವಿನ್ ಎಲ್ಲಿ ಕಾಣಬೇಕು? ಕಂಡಿದ್ದು ಬಿಳಿ ಮಂಜಿನ ಮೇಲಿನ ಕಂದು ಕಲೆ. ಅಂದರೆ ಹಿಕ್ಕೆ! ಆ ರಾತ್ರಿ ಎರಡು ಗಂಟೆಯವರೆಗೆ ಅಂಟಾರ್ಕ್ಟಿಕಾದ ಅಂಚಿನಲ್ಲಿ ಹಿಕ್ಕೆ ಹುಡುಕಿದೆ. ಒಂದೂ ಸಿಗಲಿಲ್ಲ. ಕಂದು ಕಂಡದ್ದೆಲ್ಲ ಬಂಡೆ.

ನನ್ನ ಮನೆಯ ಮೇಲೂ ಹೊಸ ಚಿತ್ರ ಯಾವಾಗ ಅಂತ ಲೆಕ್ಕ ಹಾಕಿದೆ. ಇನ್ನು ನಾಲ್ಕು ದಿನ. ಆ ಬೆಳಿಗ್ಗೆ ಕುಂಟುತ್ತಾ ಅಂಗಳಕ್ಕೆ ಹೋಗಿ ಸುಮ್ನೆ ಮೇಲೆ ನೋಡಿದೆ. ಮರುದಿನ ಚಿತ್ರ ಬಂತು.

ಪೂರ್ತಿ ಮೋಡ.