ಫೋರ್‌ಕೆ ವಿಡಿಯೋ ಹಳೇ ಡಿವಿಡಿ ಪ್ಲೇಯರ್‌ನಲ್ಲಿ ಓಡಬೇಕಾದರೆ

ಎಂಪಿ4 ಫೈಲನ್ನು ಹಾಗೇ ಡಿಸ್ಕಿಗೆ ಬರೆದರೆ ಹಳೇ ಪ್ಲೇಯರ್ ಅದನ್ನು ಓದುವುದಿಲ್ಲ. ಅದಕ್ಕೆ ಬೇಕಾದದ್ದು ಎಂಪೆಗ್-2 ವಿಡಿಯೋ, 48 ಕಿಲೋಹರ್ಟ್ಸ್‌ನ ಎಸಿ-3 ಆಡಿಯೋ, ಇವೆಲ್ಲ ಕೂರುವ ವಿಡಿಯೋ-ಟಿಎಸ್ (VIDEO_TS) ಎಂಬ ಫೋಲ್ಡರ್. ಡಿವಿಡಿಸ್ಟೈಲರ್ ಎಂಬ ಸಾಫ್ಟ್‌ವೇರ್ ಉಚಿತ, ಈ ಮೂರನ್ನೂ ಅದೇ ಮಾಡಿಕೊಡುತ್ತದೆ.

ಎಡವುವುದು ಫ್ರೇಮ್ ರೇಟಿನಲ್ಲಿ, ಅಂದರೆ ಸೆಕೆಂಡಿಗೆ ಎಷ್ಟು ಚಿತ್ರ ಎಂಬುದರಲ್ಲಿ. ನಮ್ಮಲ್ಲಿ ಪಾಲ್ (PAL) ಎಂಬ ಟಿವಿ ಮಾದರಿ (720x576, 25 ಫ್ರೇಮ್) ಆರಿಸುವುದು ರೂಢಿ. ಆದರೆ ಮೊಬೈಲಿನ 30 ಫ್ರೇಮ್ ವಿಡಿಯೋ ಪಾಲ್‌ಗೆ ಇಳಿದರೆ ಕ್ಯಾಮೆರಾ ತಿರುಗಿದಾಗಲೆಲ್ಲ ಚಿತ್ರ ಕುಲುಕುತ್ತದೆ. ಅಂಥದ್ದಕ್ಕೆ ಅಮೆರಿಕದ ಟಿವಿ ಮಾದರಿಯಾದ ಎನ್‌ಟಿಎಸ್‌ಸಿಯೇ (720x480, 29.97 ಫ್ರೇಮ್) ಮೇಲು, ಇಲ್ಲಿನ ಹೆಚ್ಚಿನ ಪ್ಲೇಯರ್‌ಗಳು ಅದನ್ನೂ ಓಡಿಸುತ್ತವೆ. ಮೊಬೈಲ್ ಫ್ರೇಮ್ ರೇಟು ಏರಿಳಿಯುವುದರಿಂದ ತುಟಿಗೂ ಮಾತಿಗೂ ತಾಳ ತಪ್ಪಬಹುದು, ಮೊದಲೇ ಹ್ಯಾಂಡ್‌ಬ್ರೇಕ್ ಎಂಬ ವಿಡಿಯೋ ಸಾಫ್ಟ್‌ವೇರ್‌ನಲ್ಲಿ ಅದನ್ನು 'ಕಾನ್‌ಸ್ಟಂಟ್' (ಒಂದೇ ಸಮ) ಮಾಡಿಕೊಳ್ಳಿ.

4.7 ಜಿಬಿ ಡಿಸ್ಕಿಗೆ ಎರಡು ಗಂಟೆ ತುಂಬಲು ವಿಡಿಯೋ ಬಿಟ್‌ರೇಟ್ (ಸೆಕೆಂಡಿಗೆ ಬಳಸುವ ಡೇಟಾ) ಸುಮಾರು 4.8 ಎಂಬಿಪಿಎಸ್ ಸಾಕು. ಆಸ್ಪೆಕ್ಟ್ (ಚಿತ್ರದ ಅಗಲ-ಎತ್ತರದ ಅನುಪಾತ) 16:9 ಇಡದಿದ್ದರೆ ಮುಖಗಳೆಲ್ಲ ಉದ್ದುದ್ದ. ಡಿವಿಡಿ-ಆರ್ ಬಳಸಿ, 4ಎಕ್ಸ್ ಅಥವಾ 8ಎಕ್ಸ್ ವೇಗದಲ್ಲಿ ಬರೆದು, ಫೈನಲೈಸ್ ಮಾಡಿ, ಅಂದರೆ ಪ್ಲೇಯರ್ ಓದುವಂತೆ ಡಿಸ್ಕ್ ಮುಚ್ಚಿ.